ಇಟ್ಟಿಗೆಯ ಮರಾಮತ್ತು: ಹಳೆಯ ಗೋಡೆಯೊಂದು ಕಲಿಸಿದ ಇತಿಹಾಸ



ನಿಮ್ಮ ಊರಿನಲ್ಲಿ ಎಂಬತ್ತು, ನೂರು ವರ್ಷ ಹಳೆಯದಾದ ಕಟ್ಟಡವೊಂದು ಇದ್ದೇ ಇರುತ್ತದೆ. ಅದು ಶಾಲೆಯಾಗಿರಬಹುದು, ಮಸೀದಿಯಾಗಿರಬಹುದು, ಮುಸಾಫಿರ್‌ಖಾನೆಯಾಗಿರಬಹುದು, ಇಲ್ಲವೇ ನಿಮ್ಮ ತಾತನ ಕಾಲದ ಮನೆಯೇ ಆಗಿರಬಹುದು. ಒಂದು ದಿನ ಬಿಡುವು ಮಾಡಿಕೊಂಡು ಅದರ ಹಿಂಬದಿಗೆ ಹೋಗಿ ನೋಡಿ. ಮುಂಭಾಗಕ್ಕೆ ಎಲ್ಲರೂ ಬಣ್ಣ ಹೊಡೆಸುತ್ತಾರೆ. ಕಟ್ಟಡದ ನಿಜವಾದ ಆರೋಗ್ಯ ತಿಳಿಯುವುದು ಹಿಂಬದಿಯಲ್ಲಿ. ಅಲ್ಲಿ ಇಟ್ಟಿಗೆಗಳ ಮುಖ ಸಿಪ್ಪೆ ಎದ್ದು ಉದುರಿ, ಒಳಗೆ ಕುಳಿ ಬಿದ್ದು, ನಡುವಿನ ಸಿಮೆಂಟಿನ ಗೆರೆಗಳು ಮಾತ್ರ ಜೇನುಗೂಡಿನ ಹಾಗೆ ಹೊರಚಾಚಿ ನಿಂತಿರುವುದು ಕಂಡರೆ, ಈ ಲೇಖನವನ್ನು ಕೊನೆಯವರೆಗೆ ಓದಬೇಕೆಂದು ನನ್ನ ವಿನಂತಿ.

ನಮ್ಮ ಶಾಲೆಯ ಹಳೆಯ ವಿಭಾಗದ ಹಿಂಗೋಡೆ ಹೀಗೇ ಆಗಿತ್ತು. ಕೆಳಗೆ ಮೂರು ಅಡಿ ಕರಿಕಲ್ಲು, ಅದರ ಮೇಲೆ ಇಟ್ಟಿಗೆ. ಹನ್ನೆರಡು ವರ್ಷಗಳ ಹಿಂದೆ, ನಾನು ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳಲ್ಲಿ, ಆ ಗೋಡೆಯ ಸಂದುಗಳಿಂದ ಹಳೆಯ ಸುಣ್ಣದ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ನೋಡಿದವರೆಲ್ಲ ಗೋಡೆ ದುರ್ಬಲವಾಗಿದೆ ಎಂದರು. ಚಂದಾ ಎತ್ತಿ, ಸಂದುಗಳನ್ನೆಲ್ಲ ಕೆರೆಸಿ, ಗಟ್ಟಿ ಸಿಮೆಂಟು ತುಂಬಿಸಲಾಯಿತು. ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಅಲೆದವರಲ್ಲಿ ನಾನೂ ಒಬ್ಬ. ಗೋಡೆ ಹೊಸದರಂತೆ ಕಂಡಿತು, ನಮಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಗೊತ್ತಾಯಿತು: ಗಾರೆ ಉದುರುವುದೇನೋ ನಿಂತಿತ್ತು, ಈಗ ಇಟ್ಟಿಗೆಯೇ ಉದುರತೊಡಗಿತ್ತು. ಹೋದ ವರ್ಷ ಆ ಗೋಡೆಗೆ ತಾಗಿದ್ದ ಎಂಟನೇ ತರಗತಿಯನ್ನು ಬೇರೆ ಕೋಣೆಗೆ ಕಳುಹಿಸಬೇಕಾಯಿತು. ಕೆಡವಬೇಕೋ, ಉಳಿಸಬೇಕೋ ಎಂಬ ಪ್ರಶ್ನೆ ಸಮಿತಿಯ ಮುಂದೆ ಬಂದಿತು.

ಆಗ ಯಾರೋ ಹೇಳಿದ ಮೇಲೆ, ಸುಣ್ಣದ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದೆವು. ಊರಿನವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಅವರು ಗೋಡೆಯನ್ನು ಕೈಯಿಂದ ಸವರಿ, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಇಟ್ಟಂಗಿ ತಾನಾಗಿ ಕೆಟ್ಟಿಲ್ರೀ ಮಾಸ್ತರ. ಅದರ ಬಾಯಿ ಮೂಗು ಎರಡೂ ನಾವ ಕಟ್ಟೇವಿ. ಒಳಗಿನ ನೀರು ಎಲ್ಲಿಂದ ಹೊರಗ ಬರಬೇಕು ಹೇಳ್ರಿ?”

ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದ ಸಂಗತಿಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾದ್ದರಿಂದ ಮೊದಲು ಕಣ್ಣಿಗೆ ಬೀಳುವುದು ಪದಗಳು. ಕನ್ನಡದ ‘ಇಟ್ಟಿಗೆ’, ಉರ್ದುವಿನ ‘ಈಂಟ್’ ಎರಡಕ್ಕೂ ಮೂಲ ಸಂಸ್ಕೃತದ ‘ಇಷ್ಟಕಾ’. ‘ಸುಣ್ಣ’ ಮತ್ತು ‘ಚೂನಾ’ ಎರಡೂ ‘ಚೂರ್ಣ’ದ ಮಕ್ಕಳು. ‘ಗಚ್ಚು’ ಪಾರಸಿಯ ‘ಗಚ್’ ಪದದಿಂದ ಬಂದದ್ದು. ಕೆಂಪು ಎಂಬ ಅರ್ಥದ ‘ಸುರ್ಖ್’ನಿಂದ ‘ಸುರ್ಖಿ’ ಬಂತು. ಅದು ಇಟ್ಟಿಗೆಯನ್ನು ಕುಟ್ಟಿ ಮಾಡಿದ ಪುಡಿ. ನಮ್ಮ ಕಡೆ ‘ಸುರ್ಕಿ’ ಎನ್ನುತ್ತಾರೆ. ಇನ್ನು ಉತ್ತರ ಕರ್ನಾಟಕದಲ್ಲಿ ದಿನನಿತ್ಯ ಬಳಸುವ ‘ಇಮಾರತು’ ಎಂಬ ಪದ ನೋಡಿ. ಕಟ್ಟುವವನು ‘ಮೇಮಾರ್’, ಕಟ್ಟುವ ಕೆಲಸ ‘ತಾಮೀರ್’, ಮನುಷ್ಯನ ಆಯುಷ್ಯ ‘ಉಮ್ರ್’: ಈ ನಾಲ್ಕೂ ಅರಬಿಯ ಒಂದೇ ಧಾತುವಿನಿಂದ ಹುಟ್ಟಿವೆ. ರಿಪೇರಿಗೆ ನಾವು ಹೇಳುವ ‘ಮರಾಮತ್ತು’ ಸಹ ಅರಬಿಯಿಂದ ಬಂದು ಕನ್ನಡದ್ದೇ ಆಗಿಹೋಗಿದೆ. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಬರುವುದಕ್ಕೆ ಮೊದಲು ಕೆರೆ ಕಾಲುವೆಗಳ ದುರಸ್ತಿಯನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯ ಹೆಸರೇ ಮರಾಮತ್ತು ಇಲಾಖೆ. ಕಟ್ಟುವುದಷ್ಟೇ ಅಲ್ಲ, ಕಟ್ಟಿದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದೂ ಒಂದು ಇಲಾಖೆಯ ಕೆಲಸ ಎಂದು ಆ ಕಾಲದವರಿಗೆ ತಿಳಿದಿತ್ತು.

ಕರ್ನಾಟಕವೆಂದರೆ ಕಲ್ಲಿನ ಕಟ್ಟಡಗಳ ನಾಡು ಎಂಬ ಭಾವನೆ ನಮ್ಮಲ್ಲಿದೆ. ಅದು ಅರ್ಧ ಸತ್ಯ. ಹಂಪಿಯ ವಿರೂಪಾಕ್ಷ ದೇವಾಲಯದ ಮಹಾಗೋಪುರದ ಬುಡ ಮಾತ್ರ ಕಲ್ಲು. ಮೇಲಿನ ಅಂತಸ್ತುಗಳೆಲ್ಲ ಇಟ್ಟಿಗೆ ಮತ್ತು ಗಾರೆ. ಅಲ್ಲಿನ ಕಮಲ ಮಹಲಿನ ಸುಂದರ ಕಮಾನುಗಳೂ ಇಟ್ಟಿಗೆ, ಗಾರೆಯವೇ. ನಮ್ಮ ವಿಜಯಪುರದ ಗೋಲ ಗುಮ್ಮಟದ ಗೋಡೆಗಳು ಕರಿಕಲ್ಲಿನವು, ಆದರೆ ಜಗತ್ತೇ ನೋಡಲು ಬರುವ ಆ ಗುಮ್ಮಟ ಇಟ್ಟಿಗೆಯದು. ಎಷ್ಟು ಜನ ಪ್ರವಾಸಿಗರು ಇದನ್ನು ಗಮನಿಸುತ್ತಾರೋ ನಾನರಿಯೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಕೂಗಿ, ಪ್ರತಿಧ್ವನಿ ಕೇಳಿ, ಕೆಳಗಿಳಿದು ಹೋಗುತ್ತಾರೆ.

ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಎದ್ದ ಈ ಕಟ್ಟಡದ ಕೆಲಸ ಅವನು ತೀರಿಕೊಂಡ 1656ರವರೆಗೂ ನಡೆಯಿತು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳ ವ್ಯಾಸ ಸುಮಾರು 38 ಮೀಟರ್. ಅಂದರೆ ಚಿಪ್ಪಿನ ದಪ್ಪವೇ ಸುಮಾರು ಹತ್ತು ಅಡಿ. ಪುರಾತತ್ವ ಇಲಾಖೆಯ ಅಧಿಕಾರಿಯಾಗಿದ್ದ ಹೆನ್ರಿ ಕಸಿನ್ಸ್ ಬಿಜಾಪುರದ ಕಟ್ಟಡಗಳ ಕುರಿತು 1916ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದರ ರಚನೆಯನ್ನು ವಿವರಿಸಿದ್ದಾರೆ. ಇಲ್ಲಿ ಇಟ್ಟಿಗೆಗಳನ್ನು ಅಡ್ಡಡ್ಡ ವರಸೆಗಳಲ್ಲಿ, ನಡುವೆ ದಪ್ಪನಾಗಿ ಸುಣ್ಣದ ಗಾರೆ ಹಾಸಿ ಕೂರಿಸಲಾಗಿದೆ. ಒಳ್ಳೆಯ ಗಾರೆ ಕಾಲಕ್ರಮದಲ್ಲಿ ಕಲ್ಲಾಗುತ್ತ ಹೋಗಿ, ಇಟ್ಟಿಗೆಯೂ ಗಾರೆಯೂ ಬೇರೆ ಬೇರೆ ಎನ್ನಲಾಗದಂತೆ ಒಂದೇ ಚಿಪ್ಪಾಗಿ ನಿಂತಿತು. ಮಕ್ಕಳೇ, ಮುಂದಿನ ಬಾರಿ ಅಲ್ಲಿಗೆ ಹೋದಾಗ ಪ್ರತಿಧ್ವನಿಯ ಜೊತೆಗೆ ಇದನ್ನೂ ನೆನೆಯಿರಿ: ನಿಮ್ಮ ತಲೆಯ ಮೇಲಿರುವ ಆ ಅಪಾರ ಭಾರವನ್ನು ಹಿಡಿದಿರುವುದು ಮಣ್ಣಿನ ಇಟ್ಟಿಗೆ ಮತ್ತು ಸುಣ್ಣ.

ಆ ಸುಣ್ಣದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಟ್ಟಿಗೆ ರಿಪೇರಿಯ ಗುಟ್ಟು ಇಟ್ಟಿಗೆಗಿಂತ ಹೆಚ್ಚಾಗಿ ಅದರ ಸಂದಿನಲ್ಲಿದೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು, ಹೊಗೆ ಎದ್ದು, ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು, ಸುರ್ಕಿ ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ದುಂಡನೆಯ ಕಲ್ಲುಚಕ್ರ ಓಡಿಸಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ರೂಢಿಯೂ ದಕ್ಷಿಣದಲ್ಲಿ ಇತ್ತು. ಗೋಡೆಗೆ ಹೋದ ಮೇಲೆ ಈ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯುವ ಸಮೀಕರಣ ಗೋಡೆಯಲ್ಲಿ ನಡೆಯುವುದು ಹೀಗೆ. ಸುರ್ಕಿ ಸೇರಿದರೆ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ.

ಸುಣ್ಣದ ಗಾರೆಗೆ ಎರಡು ಗುಣಗಳಿವೆ. ಒಂದು, ಅದು ಇಟ್ಟಿಗೆಗಿಂತ ಮೆದು. ಇನ್ನೊಂದು, ಅದು ತೇವವನ್ನು ಹೊರಗೆ ಬಿಡುತ್ತದೆ. ನೆಲದ ತೇವ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಗೋಡೆಯಲ್ಲಿ ಏರುತ್ತದೆ. ಹಳೆಯ ಕಟ್ಟಡಗಳಲ್ಲಿ ಅದನ್ನು ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಏರಿದ ತೇವ ಸಂದಿನ ಸುಣ್ಣದ ಮೂಲಕ ಆರಿಹೋಗುತ್ತದೆ. ಆ ನೀರಿನಲ್ಲಿ ಕರಗಿದ್ದ ಉಪ್ಪು ಸಂದಿನಲ್ಲೇ ಹರಳುಗಟ್ಟಿ, ಸಂದಿನ ಗಾರೆಯನ್ನೇ ಪುಡಿ ಮಾಡುತ್ತದೆ. ಕೆಲವು ದಶಕಗಳಿಗೊಮ್ಮೆ ಆ ಗಾರೆಯನ್ನು ಕೆರೆದು ಹೊಸದು ತುಂಬಿದರಾಯಿತು, ಇಟ್ಟಿಗೆ ಸುರಕ್ಷಿತ. ಹನ್ನೆರಡು ವರ್ಷಗಳ ಹಿಂದೆ ನಾವು ನೋಡಿ ಗಾಬರಿಯಾದ ಆ ಪುಡಿ ಗೋಡೆಯ ರೋಗವಾಗಿರಲಿಲ್ಲ. ಗಾರೆ ತನ್ನ ಕೆಲಸ ಮಾಡುತ್ತಿತ್ತು, ಇಟ್ಟಿಗೆಯ ಬದಲು ತಾನು ಸವೆಯುತ್ತಿತ್ತು.

ಸಿಮೆಂಟು ಬಂದದ್ದು ಆಮೇಲೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ನಮ್ಮ ದೇಶದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದರ ತಯಾರಿಕೆ ಶುರುವಾಗಿ, 1914ರ ಪೋರಬಂದರಿನ ಕಾರ್ಖಾನೆಯಿಂದ ನೆಲೆಗೊಂಡಿತು. ಮುಂದೆ ನಮ್ಮ ಶಹಾಬಾದ್, ಭದ್ರಾವತಿಗಳಲ್ಲೂ ಸಿಮೆಂಟು ತಯಾರಾಯಿತು. ಗಂಟೆಗಳಲ್ಲಿ ಬಿಗಿಯುವ, ಚೀಲದಲ್ಲಿ ಸಿಗುವ, ಗಾಣವೂ ಎತ್ತೂ ಬೇಡದ ಈ ವಸ್ತುವಿನ ಮುಂದೆ ಸುಣ್ಣದ ಗೂಡುಗಳು ಒಂದೊಂದಾಗಿ ಆರಿಹೋದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಹೊಸ ಕಟ್ಟಡಕ್ಕೆ ಸಿಮೆಂಟು ಬೇಕೇ ಬೇಕು, ನಾನು ಅದರ ವಿರೋಧಿಯಲ್ಲ. ತಪ್ಪಾದದ್ದು ಹೊಸದಕ್ಕೆ ಒಳ್ಳೆಯದು ಹಳೆಯದಕ್ಕೂ ಒಳ್ಳೆಯದೇ ಎಂದು ನಂಬಿದ್ದರಲ್ಲಿ. ದೊಡ್ಡ ದೊಡ್ಡ ಎಂಜಿನಿಯರುಗಳೂ ಹಾಗೆಯೇ ನಂಬಿದ್ದರು. ಗೋಲ ಗುಮ್ಮಟದಲ್ಲಿ ಬಿರುಕು ಕಂಡಾಗ 1936-37ರಲ್ಲಿ ಅದರ ಹೊರಮೈಗೆ ಕಬ್ಬಿಣದ ಬಲೆ ಹೊದಿಸಿ, ಸಿಮೆಂಟು ಗಾರೆಯನ್ನು ಯಂತ್ರದ ಒತ್ತಡದಿಂದ ಸಿಂಪಡಿಸಿದರು. ಆ ಕಾಲದ ತಿಳಿವಳಿಕೆ ಅದು. ಹೀಗಿರುವಾಗ ಒಂದು ಸಣ್ಣ ಶಾಲೆಯ ಸಮಿತಿಯನ್ನು ದೂರಿ ಏನು ಪ್ರಯೋಜನ?

ಹಳೆಯ ಇಟ್ಟಿಗೆಯ ಸ್ವಭಾವವೇ ಬೇರೆ. ಕೈಯಲ್ಲಿ ಅಚ್ಚು ಹಾಕಿ, ಕಟ್ಟಿಗೆ ಒಟ್ಟಿ ಸುಟ್ಟದ್ದು ಅದು. ಗೂಡಿನ ನಡುವೆ ಇದ್ದ ಇಟ್ಟಿಗೆ ಚೆನ್ನಾಗಿ ಬೆಂದಿರುತ್ತದೆ, ಅಂಚಿನದು ಅರೆಬೆಂದಿರುತ್ತದೆ. ಎರಡೂ ಒಂದೇ ಗೋಡೆಯಲ್ಲಿ ಇರುತ್ತವೆ. ರೊಟ್ಟಿಗೆ ಹೇಗೆ ಬೆಂದ ಮೇಲ್ಪದರ ಇರುತ್ತದೆಯೋ ಹಾಗೆ ಇಟ್ಟಿಗೆಗೂ ಬೆಂಕಿ ಕೊಟ್ಟ ಒಂದು ಗಟ್ಟಿ ತೊಗಲು ಇರುತ್ತದೆ. ಸಂದಿಗೆ ಸಿಮೆಂಟು ತುಂಬಿದಾಗ ತೇವಕ್ಕೆ ಸಂದಿನ ದಾರಿ ಮುಚ್ಚಿ, ಅದು ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ. ಉಪ್ಪು ಆ ತೊಗಲಿನ ಹಿಂದೆ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ತೊಗಲನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಒಂದು ದಿನ ಅದು ಹಪ್ಪಳದಂತೆ ಕಳಚಿ ಬೀಳುತ್ತದೆ. ಆಮೇಲೆ ಉಳಿಯುವುದು ಒಳಗಿನ ಮೆತ್ತನೆಯ ಭಾಗ; ಅದು ಇನ್ನೂ ಬೇಗ ಹೋಗುತ್ತದೆ. ಸಿಮೆಂಟಿನಲ್ಲೂ ಕರಗುವ ಲವಣಗಳಿವೆ, ಅವೂ ಇದಕ್ಕೆ ಕೈಜೋಡಿಸುತ್ತವೆ. ಹಳೆಯ ಇಟ್ಟಿಗೆಯನ್ನು ಚೊಕ್ಕಟ ಮಾಡುತ್ತೇವೆಂದು ಮರಳು ಚಿಮ್ಮಿಸುವವರು, ಮೆಷಿನ್ ಹಿಡಿದು ಉಜ್ಜುವವರು ಮಾಡುವುದೂ ಇದನ್ನೇ: ತೊಗಲು ಸುಲಿಯುವುದು.

ಉಪ್ಪಿನ ಶಕ್ತಿ ಎಷ್ಟೆಂದು ತಿಳಿಯಬೇಕಾದರೆ ಸಿಂಧ್ ಪ್ರಾಂತದ ಮೊಹೆಂಜೊದಾರೋವನ್ನು ನೋಡಬೇಕು. ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದಾದ ಆ ನಗರದ ಸುಟ್ಟ ಇಟ್ಟಿಗೆಯ ಗೋಡೆಗಳು ಮಣ್ಣಿನಡಿ ಸಾವಿರಾರು ವರ್ಷ ಉಳಿದಿದ್ದವು. 1922ರಲ್ಲಿ ಅಗೆತ ಆರಂಭವಾಗಿ ಗೋಡೆಗಳು ಗಾಳಿ ಬಿಸಿಲಿಗೆ ತೆರೆದುಕೊಂಡ ಮೇಲೆ, ನೆಲದ ಸವಳು ನೀರು ಏರಿ, ಕೆಲವೇ ದಶಕಗಳಲ್ಲಿ ಬುಡದ ವರಸೆಗಳು ಪುಡಿಯಾಗತೊಡಗಿದವು. ಯುನೆಸ್ಕೊ 1974ರಿಂದ 1997ರವರೆಗೆ ಅದನ್ನು ಉಳಿಸಲು ಅಂತರರಾಷ್ಟ್ರೀಯ ಅಭಿಯಾನವನ್ನೇ ನಡೆಸಿತು. ಅಲ್ಲಿ ಉಪ್ಪಿನ ಕಾಟ ತಡೆಯಲು ಬಳಸಿದ ವಸ್ತುಗಳಲ್ಲಿ ಒಂದು ಯಾವುದು ಗೊತ್ತೇ? ಉಪ್ಪಿಲ್ಲದ ಸಿಹಿ ಮಣ್ಣಿನ ಗಾರೆ. ಗೋಡೆಗೆ ಅದನ್ನು ಬಳಿದರೆ ಉಪ್ಪು ಇಟ್ಟಿಗೆಯನ್ನು ಬಿಟ್ಟು ಮಣ್ಣಿನ ಲೇಪಕ್ಕೆ ಬರುತ್ತದೆ. ಲೇಪ ಹಾಳಾದರೆ ಮತ್ತೆ ಬಳಿಯಬೇಕು. ನಮ್ಮ ಅಜ್ಜಿಯರು ವರ್ಷ ವರ್ಷ ಗೋಡೆ ಸಾರಿಸುತ್ತಿದ್ದುದು ನೆನಪಾಗುವುದಿಲ್ಲವೇ?

ಹಳೆಯ ಕಟ್ಟಡವನ್ನು ಹೇಗೆ ಮುಟ್ಟಬೇಕೆಂಬುದರ ಬಗ್ಗೆ ಚಿಂತನೆ ನಡೆದು ನೂರು ವರ್ಷ ದಾಟಿದೆ. ಇಂಗ್ಲೆಂಡಿನಲ್ಲಿ ಕವಿ ವಿಲಿಯಂ ಮಾರಿಸ್ ಮತ್ತು ಸಂಗಡಿಗರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸಂಘ ಕಟ್ಟಿದರು. ಹಳೆಯದನ್ನು ಹೊಸದರಂತೆ ಮಾಡುವುದು ಬೇಡ, ಇದ್ದುದನ್ನು ಕಾಪಾಡಿ ಎಂಬುದು ಅವರ ವಾದ. ನಮ್ಮಲ್ಲಿ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಎಂಜಿನಿಯರುಗಳು, ಓವರ್‌ಸಿಯರುಗಳಿಗಾಗಿ ಸಂರಕ್ಷಣೆಯ ಕೈಪಿಡಿಯನ್ನೇ ಬರೆದರು. ಹೊಸದು ಮಾಡುವುದು ನಮ್ಮ ಮೊದಲ ಕರ್ತವ್ಯವಲ್ಲ, ಉಳಿಸುವುದು ಮೊದಲ ಕರ್ತವ್ಯ ಎಂಬುದು ಅದರ ತಿರುಳು. ಆಮೇಲೆ 1964ರ ವೆನಿಸ್ ಸನ್ನದು ಇನ್ನೊಂದು ಮಾತು ಸೇರಿಸಿತು: ಬದಲಿಯಾಗಿ ಹಾಕಿದ ಭಾಗ ಒಟ್ಟು ಕಟ್ಟಡಕ್ಕೆ ಹೊಂದಿಕೊಳ್ಳಬೇಕು, ಆದರೆ ನೋಡುವವರಿಗೆ ಇದು ಮೂಲದ್ದಲ್ಲ ಎಂದು ತಿಳಿಯಲೂಬೇಕು. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಬಹಳ ಮುಖ್ಯ. ಸುಳ್ಳು ಹಳತನ್ನು ಸೃಷ್ಟಿಸುವುದು ಸುಳ್ಳು ದಾಖಲೆ ಬರೆದಂತೆ. ದೆಹಲಿಯ ಹುಮಾಯೂನ್ ಸಮಾಧಿಯಲ್ಲಿ 2007ರಿಂದ 2013ರವರೆಗೆ ನಡೆದ ದುರಸ್ತಿಯಲ್ಲಿ, ಇಪ್ಪತ್ತನೇ ಶತಮಾನದಲ್ಲಿ ಛಾವಣಿಯ ಮೇಲೆ ಪದರ ಪದರವಾಗಿ ಸುರಿದಿದ್ದ ಸುಮಾರು 10 ಲಕ್ಷ ಕಿಲೋ ಕಾಂಕ್ರೀಟನ್ನು ಕೈಯಿಂದ ಒಡೆದು ಇಳಿಸಿ, ಮತ್ತೆ ಸುಣ್ಣವನ್ನು ಬಳಸಿದರು. ಹಾಕಲು ಖರ್ಚು, ತೆಗೆಯಲು ಅದಕ್ಕಿಂತ ಖರ್ಚು.

ಇನ್ನು ನಮ್ಮ ಗೋಡೆಗೆ ಬರುತ್ತೇನೆ. ಚಾಚಾ ಮೊದಲ ಎರಡು ವಾರ ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಸಮಿತಿಯವರಿಗೆ ಸ್ವಲ್ಪ ಅಸಮಾಧಾನವೂ ಆಯಿತು. ಅವರು ಮಾಡಿದ್ದು ನೀರಿನ ಹುಡುಕಾಟ. ಛಾವಣಿಯ ದೋಣಿ ಒಂದು ಕಡೆ ಒಡೆದು ನೀರೆಲ್ಲ ಗೋಡೆಯ ಮೇಲೆ ಇಳಿಯುತ್ತಿತ್ತು. ಹಿಂದಿನ ರಸ್ತೆಗೆ ಡಾಂಬರು ಹಾಕುತ್ತ ಹಾಕುತ್ತ ಎತ್ತರ ಏರಿ, ಮಳೆನೀರು ಬುಡಕ್ಕೆ ನಿಲ್ಲುತ್ತಿತ್ತು. ಒಳಗೆ, ಗೋಡೆ ತೇವವಾಗುತ್ತದೆಂದು ನಾಲ್ಕು ಅಡಿ ಎತ್ತರಕ್ಕೆ ಟೈಲ್ಸ್ ಅಂಟಿಸಿದ್ದೆವು. ತೇವ ಟೈಲ್ಸ್ ಹಿಂದಿನಿಂದ ಏರಿ ಐದನೇ ಅಡಿಯಲ್ಲಿ ಕಾಣಿಸಿಕೊಂಡಿತ್ತು. ಇಂಥ ಟೈಲ್ಸನ್ನು ನೀವು ಎಷ್ಟು ಮಸೀದಿಗಳಲ್ಲಿ, ಶಾಲೆಗಳಲ್ಲಿ ನೋಡಿಲ್ಲ! ದೋಣಿ ಸರಿಪಡಿಸಿ, ಬುಡದಲ್ಲಿ ನೀರು ಹರಿದುಹೋಗಲು ಕಾಲುವೆ ತೆಗೆದು, ಟೈಲ್ಸ್ ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟೆವು. ಒಬ್ಬ ಎಂಜಿನಿಯರು ಬಂದು ಗೋಡೆ ವಾಲಿಲ್ಲ, ಉಬ್ಬಿಲ್ಲ ಎಂದು ತೂಕದ ಗುಂಡು ಬಿಟ್ಟು ಪರೀಕ್ಷಿಸಿದರು. ಇದನ್ನು ಮಾತ್ರ ಯಾರೂ ಬಿಡಬಾರದು. ಗೋಡೆ ಉಬ್ಬಿದ್ದರೆ, ಓರೆ ಬಿರುಕು ಇದ್ದರೆ, ಅದು ಮೇಸ್ತ್ರಿಯ ಕೈ ಮೀರಿದ ವಿಷಯ.

ಆಮೇಲೆ ಇಟ್ಟಿಗೆಗಳ ಎಣಿಕೆ. ಸುತ್ತಿಗೆಯಿಂದ ತಟ್ಟಿದಾಗ ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಟೊಳ್ಳು. ಮುಖ ಸ್ವಲ್ಪ ಸವೆದ ಮಾತ್ರಕ್ಕೆ ಇಟ್ಟಿಗೆ ಬದಲಿಸಬೇಕಿಲ್ಲ. ಆಳವಾಗಿ ಕುಳಿ ಬಿದ್ದು ಭಾರ ಹೊರಲಾರದವನ್ನು ಮಾತ್ರ ಸೀಮೆಸುಣ್ಣದಿಂದ ಗುರುತು ಮಾಡಿದರು. ಗುರುತು ಹಾಕುವ ಕೆಲಸವನ್ನು ಒಂಬತ್ತನೇ ತರಗತಿಯ ಮಕ್ಕಳಿಗೇ ಕೊಟ್ಟಿದ್ದೆ. ಇಡೀ ಗೋಡೆ ಸತ್ತಿದೆ ಎಂದು ನಾವು ತಿಳಿದಿದ್ದೆವು, ಗುರುತು ಬಿದ್ದದ್ದು ಹತ್ತರಲ್ಲಿ ಒಂದಕ್ಕೂ ಇಲ್ಲ.

ಹೊಸ ಇಟ್ಟಿಗೆ ಎಲ್ಲಿಂದ ತರುವುದು? ಅಂಗಡಿಯ ಇಟ್ಟಿಗೆ ದಪ್ಪ, ನಮ್ಮ ಹಳೆಯ ಇಟ್ಟಿಗೆ ತೆಳು, ವರಸೆ ಕೂಡುವುದಿಲ್ಲ. ಅಲ್ಲದೆ ಯಂತ್ರದ ಗಟ್ಟಿ ಇಟ್ಟಿಗೆಯನ್ನು ಮೆದು ಇಟ್ಟಿಗೆಗಳ ನಡುವೆ ಇಟ್ಟರೆ ಅದು ನೀರು ಕುಡಿಯದೆ, ಪಕ್ಕದವುಗಳಿಗೆ ಕುಡಿಸುತ್ತದೆ. ಚಾಚಾ ಎರಡು ಉಪಾಯ ಹೇಳಿದರು. ಮೊದಲನೆಯದು ಕೇಳಿ ನನಗೆ ನಗು ಬಂತು, ಅಷ್ಟು ಸರಳ. ಕೆಟ್ಟ ಇಟ್ಟಿಗೆಯನ್ನು ಜೋಪಾನವಾಗಿ ಹೊರತೆಗೆದು ತಿರುಗಿಸಿ ನೋಡುವುದು! ಗೋಡೆಯೊಳಗಿದ್ದ ಹಿಂಬದಿ ಬಿಸಿಲು ಮಳೆ ಕಂಡಿಲ್ಲವಾದ್ದರಿಂದ ಅನೇಕ ವೇಳೆ ಹೊಸದರಂತಿರುತ್ತದೆ. ಅದನ್ನೇ ಹೊರಮುಖ ಮಾಡಿ ಇಟ್ಟರಾಯಿತು. ಎರಡನೆಯದು, ಊರಿನಲ್ಲಿ ಕೆಡವುತ್ತಿರುವ ಅದೇ ಕಾಲದ ಮನೆಯಿಂದ ಇಟ್ಟಿಗೆ ತರುವುದು. ಸುಣ್ಣದಲ್ಲಿ ಕಟ್ಟಿದ ಮನೆಯ ಇಟ್ಟಿಗೆಯಿಂದ ಗಾರೆಯನ್ನು ಕೆರೆದರೆ ಬಿಟ್ಟುಕೊಡುತ್ತದೆ, ಇಟ್ಟಿಗೆ ಇಡಿಯಾಗಿ ಉಳಿಯುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದಾದರೆ ಗಾರೆಯ ಬದಲು ಇಟ್ಟಿಗೆಯೇ ಒಡೆಯುತ್ತದೆ. ಹಿಂದಿನವರು ಒಂದೇ ಇಟ್ಟಿಗೆಯನ್ನು ಎರಡು ಮೂರು ತಲೆಮಾರು ಬಳಸಿದ್ದು ಹೀಗೆ.

ತೆಗೆಯುವ ಕೆಲಸವೇ ಬಲು ನಾಜೂಕು. ಕರೆಂಟಿನ ಕಟಿಂಗ್ ಮೆಷಿನ್ ತರುತ್ತೇನೆಂದ ಹುಡುಗನನ್ನು ಚಾಚಾ ಗದರಿಸಿದರು. ಮೆಷಿನ್ ಒಂದು ಕ್ಷಣ ಜಾರಿದರೆ ಪಕ್ಕದ ಒಳ್ಳೆಯ ಇಟ್ಟಿಗೆಯ ಅಂಚು ಹೋಗುತ್ತದೆ. ಉಳಿ, ಸುತ್ತಿಗೆಯಿಂದ ಸಂದಿನ ಸಿಮೆಂಟನ್ನು ಚೂರು ಚೂರಾಗಿ ಬಿಡಿಸಿ, ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಕೆರೆದರು. ಒಂದೇ ಬಾರಿಗೆ ಸಾಲಾಗಿ ಇಟ್ಟಿಗೆ ಕೀಳಲಿಲ್ಲ. ಒಂದು ಕಿತ್ತು, ಎರಡು ಬಿಟ್ಟು, ಮತ್ತೊಂದು. ಕಿತ್ತದ್ದನ್ನು ಕೂರಿಸಿ ಅದು ಬಿಗಿದ ಮೇಲೆ ಉಳಿದವು. ಕಮಾನಿನ ಹತ್ತಿರ ಆಸರೆ ಕಂಬ ಕೊಟ್ಟರು. ಗೋಡೆಯೊಳಕ್ಕೆ ಅಡ್ಡಲಾಗಿ ಚಾಚಿಕೊಂಡ ಇಟ್ಟಿಗೆಯ ಜಾಗಕ್ಕೆ ಅಷ್ಟೇ ಉದ್ದದ ಇಟ್ಟಿಗೆಯನ್ನೇ ಇಟ್ಟರು, ಮುಖಕ್ಕೆ ಮಾತ್ರ ತುಂಡು ಅಂಟಿಸಲಿಲ್ಲ. ಏಕೆಂದರೆ ಗೋಡೆಯ ಹೊರಪದರ ಒಳಪದರಗಳನ್ನು ಹಿಡಿದು ಕಟ್ಟುವುದೇ ಆ ಇಟ್ಟಿಗೆ. ಇಡುವ ಮೊದಲು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ, ಗೂಡಿಗೂ ನೀರು ಚಿಮುಕಿಸಿದರು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಸುಣ್ಣ, ಮರಳು, ಸುರ್ಕಿ ಕಲಸಿದ ಗಾರೆಯನ್ನು ನಾಲ್ಕೂ ಸುತ್ತ ಒತ್ತಿ ತುಂಬಿ, ಮೇಲೆ ಒದ್ದೆ ಗೋಣಿ ತಟ್ಟು ಇಳಿಬಿಟ್ಟರು. ದಿನಕ್ಕೆ ಮೂರು ಬಾರಿ ಅದಕ್ಕೆ ನೀರು ಚಿಮುಕಿಸುವುದು ಮಕ್ಕಳ ಪಾಳಿ. ಈ ಕೆಲಸ ಜೋರು ಮಳೆಯಲ್ಲೂ ಆಗದು, ಉರಿಬಿಸಿಲಿನಲ್ಲೂ ಆಗದು. ಕೊನೆಯಲ್ಲಿ ಪ್ಲಾಸ್ಟಿಕ್ ಪೇಂಟಿನ ಬದಲು ಬರೀ ಸುಣ್ಣ ಬಳಿದೆವು.

ಖರ್ಚಿನ ಮಾತು ಬರುತ್ತದೆ. ಸುಣ್ಣದ ಕೆಲಸ ನಿಧಾನ, ಬಲ್ಲವರು ಕಡಿಮೆ, ಕೂಲಿ ಹೆಚ್ಚು. ಹಳೆಯದೆಲ್ಲವನ್ನೂ ಉಳಿಸಲೇಬೇಕು ಎಂದು ಹಟ ಹಿಡಿಯುವವನು ನಾನಲ್ಲ, ಮಕ್ಕಳ ಜೀವಕ್ಕಿಂತ ಯಾವ ಗೋಡೆಯೂ ದೊಡ್ಡದಲ್ಲ. ಮೈಸೂರಿನಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅದೇ ಊರಿನ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ 2016ರ ಆಗಸ್ಟಿನಲ್ಲಿ, ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ಕುಸಿಯಿತು. ಕೆಡವಬೇಕು ಎನ್ನುವವರು, ಉಳಿಸಬೇಕು ಎನ್ನುವವರು ಹೈಕೋರ್ಟಿನವರೆಗೂ ಹೋದರು. ಈ ಎರಡೂ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದವು. ಇದರಿಂದ ಸುಣ್ಣ ದುರ್ಬಲವೆಂದು ಕೆಲವರು ವಾದಿಸುತ್ತಾರೆ. ನನಗನಿಸುವುದು ಬೇರೆ. ನೂರು ವರ್ಷ ನಿಂತ ಕಟ್ಟಡ ಒಂದೇ ದಿನದಲ್ಲಿ ಬೀಳುವುದಿಲ್ಲ. ಬೀಳುವ ಮೊದಲು ಎಷ್ಟೋ ಮಳೆಗಾಲ ಸೂಚನೆ ಕೊಟ್ಟಿರುತ್ತದೆ. ಛಾವಣಿಯ ಮೇಲೆ ಅರಳಿ ಗಿಡ ಮೊಳೆತಾಗ ಕಿತ್ತಿದ್ದರೆ ಒಂದು ನಿಮಿಷದ ಕೆಲಸ, ಬೇರು ಗೋಡೆಯೊಳಗೆ ಇಳಿದ ಮೇಲೆ ಒಂದು ಲಕ್ಷದ ಕೆಲಸ.

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸದ ಬಗ್ಗೆ ನಮ್ಮಂಥ ವಾರ್ಷಿಕ ಸಂಚಿಕೆಗಳಲ್ಲಿ ಲೇಖನ ಇಲ್ಲದ ವರ್ಷವೇ ಅಪರೂಪ. ನಾನೂ ಬರೆದಿದ್ದೇನೆ. 1696ರ ಸ್ಫೋಟದಲ್ಲಿ ಅದರ ಒಂದು ಮಿನಾರು ಹೋಯಿತೆಂದು ದುಃಖಿಸಿದ್ದೇನೆ. ಆ ಲೇಖನ ಬರೆದ ವರ್ಷವೇ ನಮ್ಮ ಶಾಲೆಯ ಹಿಂಬದಿಯಲ್ಲಿ ಇಟ್ಟಿಗೆ ಉದುರುತ್ತಿತ್ತು, ನಾನು ತಿರುಗಿ ನೋಡಿರಲಿಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ಕೋರಿಕೆ. ನಿಮ್ಮ ಉಸ್ತುವಾರಿಯಲ್ಲಿ ಹಳೆಯ ಕಟ್ಟಡವಿದ್ದರೆ, ದೊಡ್ಡ ಮೊತ್ತದ ಚಂದಾ ಎತ್ತುವ ಮೊದಲು ಒಂದು ಜೋರು ಮಳೆಯ ದಿನ ಕೊಡೆ ಹಿಡಿದು ಸುತ್ತಲೂ ಒಂದು ಸುತ್ತು ಹಾಕಿ. ನೀರು ಎಲ್ಲಿಂದ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಕೆಲಸಕ್ಕೆ ಮೊದಲು ಮತ್ತು ಆಮೇಲೆ ಫೋಟೋ ತೆಗೆಸಿ. ಎಷ್ಟು ಇಟ್ಟಿಗೆ ಬದಲಾಯಿತು, ಗಾರೆಗೆ ಏನು ಎಷ್ಟು ಬೆರೆಸಿದಿರಿ ಎಂಬುದನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಯಿರಿ. ನಮ್ಮ ಗೋಡೆಗೆ ಮೊದಲು ಯಾವ ಗಾರೆ ಬಳಸಿದ್ದರೆಂದು ತಿಳಿಯಲು ಒಂದು ಚೀಟಿಯೂ ಸಿಗಲಿಲ್ಲ. ಕೊನೆಗೆ ಚಾಚಾ ಒಂದು ಚೂರನ್ನು ಬೆರಳಿನಲ್ಲಿ ಪುಡಿ ಮಾಡಿ, ಮರಳಿನ ಕಾಳು, ಸುರ್ಕಿಯ ಕೆಂಪು ನೋಡಿ ಅಂದಾಜು ಮಾಡಿದರು. ಈಗ ನಾವು ಬದಲಿಸಿದ ಇಟ್ಟಿಗೆಗಳ ಒಳಮೈಯಲ್ಲಿ, ಗೂಡಿಗೆ ಸೇರಿಸುವ ಮೊದಲು, ಆ ವರ್ಷವನ್ನು ಮೊಳೆಯಿಂದ ಗೀಚಿದ್ದೇವೆ. ಹೊರಗೆ ಕಾಣುವುದಿಲ್ಲ, ಮುಂದೆ ಯಾರಾದರೂ ಅದನ್ನು ತೆಗೆದರೆ ಓದಿಕೊಳ್ಳುತ್ತಾರೆ.

ಹಿಂಗೋಡೆಯ ಕೆಲಸ ಮುಗಿದಿದೆ. ಎಂಟನೇ ತರಗತಿ ತನ್ನ ಕೋಣೆಗೆ ಮರಳಿದೆ. ಪೂರ್ವದ ಗೋಡೆಯಲ್ಲಿ ಇನ್ನೂ ಹಳೆಯ ಸಿಮೆಂಟು ಪಾಯಿಂಟಿಂಗ್ ಹಾಗೆಯೇ ಇದೆ; ಅದನ್ನು ಮಳೆಗಾಲ ಕಳೆದ ಮೇಲೆ ಕೈಗೆತ್ತಿಕೊಳ್ಳುವುದೆಂದು ಸಮಿತಿ ಒಪ್ಪಿದೆ. ಚಾಚಾ ಜೊತೆಗೆ ಕೆಲಸ ಕಲಿಯಲು ನಮ್ಮ ಹಳೆಯ ವಿದ್ಯಾರ್ಥಿಗಳಿಬ್ಬರು ಬರುತ್ತಿದ್ದಾರೆ. ಅವರಲ್ಲಿ ಒಬ್ಬ ಅಂದು ಕಟಿಂಗ್ ಮೆಷಿನ್ ತರುತ್ತೇನೆಂದ ಹುಡುಗ.